ಪಿಕಪ್ಪಿನ ಅಡಿಲಿ ಟಾರ್ಚು ಹಿಡುದವು

ಅಕ್ಕಂದ್ರೇ, ತಂಗೆಕ್ಕಳೇ, ಅತ್ತಿಗೆಕ್ಕಳೇ, ಕಳುದ ಸರ್ತಿ ಉಪ್ಪುಸೊಳೆ ಹಾಕುವ ಕ್ರಮ ಬರದಿತ್ತಿದ್ದೆ. ಈ ಸರ್ತಿ ಅಡಿಗೆ ಒಳಂದ ಹೆರ ಬಂದು ಜಾಲಿಂಗೆ ಇಳಿವೊ. ನಮ್ಮ ಹೊಡೆಲಿ ಸುಮಾರು ತೋಟದ ಮನೆಗಳ ಜಾಲ ಕರೆಲಿ ಒಂದು ಹಳೆ ಜೀಪೋ ಪಿಕಪ್ಪೋ ನಿಂದೊಂಡಿಕ್ಕು. ಅದರ ಪ್ರಾಯ ಕೇಳಿರೆ ಮನೆ ಸೊಸೆಯ ಪ್ರಾಯಂದ ಹೆಚ್ಚಿಕ್ಕು. ಎಂಗಳಲ್ಲಿಯೂ ಒಂದು ಇದ್ದು. ಎದುರಾಣ ಮೋರೆ ಜೀಪಿಂದು, ಹಿಂದೆ ಅಡಕ್ಕೆ ಗೋಣಿ ಹೇರುವ ತೆರದ ತೊಟ್ಟಿ.

"ಇಷ್ಟು ಹಳತ್ತು ಇನ್ನುದೆ ಹೇಂಗೆ ಓಡ್ತು ದೊಡ್ಡಮ್ಮ?" ಹೇಳಿ ತಂಗೆಯ ಮಗಳು ಕೇಳಿತ್ತು. "ನಿನ್ನ ದೊಡ್ಡಪ್ಪ ರಿಪೇರಿ ಮಾಡ್ತವು" ಹೇಳಿರೆ ಉತ್ತರ ಅರ್ಧ ಆತಷ್ಟೆ. ಬಾಕಿ ಅರ್ಧ ಹುಡ್ಕುಲೆ ಹೆರಟರೆ ಅಮೇರಿಕದ ಹೊಲಕ್ಕೆ, ಎರಡನೇ ಮಹಾಯುದ್ಧದ ಕೆಸರಿಂಗೆ, ಅಲ್ಲಿಂದ ಬೊಂಬಾಯಿಗೆ ಎಲ್ಲ ಹೋಗಿ ಬರೆಕ್ಕಾವುತ್ತು. ಬನ್ನಿ, ಒಂದು ಸುತ್ತು ಹೋಗಿ ಬಪ್ಪೊ.

ಪಿಕಪ್ ಹೇಳ್ತದು ಸುರೂವಿಂಗೆ ಹುಟ್ಟಿದ್ದೇ ಕೃಷಿಕರ ಜಾಲಿಲಿ. ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ಹೇಳ್ತ ಕಾರು ಮಾರುಲೆ ಶುರು ಮಾಡಿದ. 1927ರಲ್ಲಿ ಅದರ ನಿಲ್ಸುವಗ ಒಂದೂವರೆ ಕೋಟಿ ಕಾರು ಆಗಿತ್ತು. ಅಲ್ಯಾಣ ಹಳ್ಳಿಯವುದೆ ಅದರ ತೆಗದವು. ಆದರೆ ಹಳ್ಳಿಲಿ ಮನುಷ್ಯರಿಂದ ಹೆಚ್ಚು ಸಾಮಾನಲ್ಲದೋ ಹೋಪದು ಬಪ್ಪದು? ಹಾಲಿನ ಕ್ಯಾನು, ಬಟಾಟೆ ಗೋಣಿ, ಸೌದಿ. ಕಾರಿನ ಹಿಂದಾಣ ಭಾಗ ಕಳಚಿ, ಮರದ ಪೆಟ್ಟಿಗೆ ಕೂರ್ಸಿಗೊಂಡವು. ಮತ್ತೆ 1925ರಲ್ಲಿ ಫೋರ್ಡ್ ಕಂಪೆನಿಯೇ ಪಿಕಪ್ ತೊಟ್ಟಿ ಹಾಕಿದ ಮಾಡೆಲ್ ಟಿ ಹೆರ ತಂತು, ಕ್ರಯ 281 ಡಾಲರ್. ಅದಕ್ಕಿಂತ ಮದಲೇ ಮನೆ ಮನೆಲಿ ಕೊಡಲಿ, ಗರಗಸ ಹಿಡ್ಕೊಂಡು ಪಿಕಪ್ ಮಾಡಿ ಆಗಿತ್ತು.

ಅವು ಅಷ್ಟಕ್ಕೇ ಬಿಟ್ಟಿದ್ದವಿಲ್ಲೆ. ಹಿಂದಾಣ ಒಂದು ಚಕ್ರವ ಜಾಕಿ ಕೊಟ್ಟು ನೆಗ್ಗಿ, ಅದಕ್ಕೆ ಬೆಲ್ಟು ಸಿಕ್ಕುಸಿ ಸೌದಿ ಕೊಯ್ವದು, ನೀರು ಎಳವದು, ವಸ್ತ್ರ ಒಗವ ಮೆಶಿನು ತಿರುಗುಸುದು ಕೂಡ ಮಾಡಿದ್ದವು. ಎಂಗಳಲ್ಲಿ ವಸ್ತ್ರ ಒಗವ ಮೆಶಿನು ಬಂದು ಹದಿನೈದು ವರ್ಷ ಆತಷ್ಟೆ. ಅದರಿಂದ ಎಷ್ಟೋ ಮದಲೇ ಅಲ್ಯಾಣ ಹೆಮ್ಮಕ್ಕೊ ಗಾಡಿ ಚಕ್ರಂದ ವಸ್ತ್ರ ಒಗದ್ದವು ಹೇಳಿ ಓದಿಯಪ್ಪಗ ಎನಗೆ ರಜ ಅಸೂಯೆಯೇ ಆತು. ರೇಡಿಯೇಟರು ಸೋರಿರೆ ಓಟ್ಸೋ, ಮೊಟ್ಟೆಯ ಬೆಳಿಯೋ ಹಾಕುದು ಅಲ್ಯಾಣ ಹಳೇ ಉಪಾಯ. ಬೆಶಿ ನೀರಿಲಿ ಅದು ಬೆಂದು ಒಟ್ಟೆಲಿ ಹೋಗಿ ಕೂರ್ತು. ನಮ್ಮ ಹೊಡೆಲಿ ಅದೇ ಕೆಲಸಕ್ಕೆ ಅರಶಿನ ಹೊಡಿ. ಮೊಟ್ಟೆ ನಮ್ಮ ಅಡಿಗೆ ಒಳಂಗೆ ಬಾರದ್ದ ಕಾರಣ ಗಾಡಿಗುದೆ ಮಡಿಯೇ ಆತು!

ಎಂಗಳ ಗಾಡಿಯ ಕುಲ ಮಾತ್ರ ಬೇರೆ. ಅದರ ಅಜ್ಜ ಯುದ್ಧದ ಜೀಪು. 1940ರಲ್ಲಿ ಅಮೇರಿಕದ ಸೇನೆಗೆ ಹಗುರದ, ನಾಲ್ಕೂ ಚಕ್ರಂದ ಎಳವ ಒಂದು ಗಾಡಿ ಬೇಕಾತು. ಮಾದರಿ ಗಾಡಿ ಮಾಡಿ ತಪ್ಪಲೆ ಕೊಟ್ಟ ವಾಯಿದೆ 49 ದಿನ. ಬಾಂಟಮ್ ಹೇಳ್ತ ಸಣ್ಣ ಕಂಪೆನಿ ಕಾರ್ಲ್ ಪ್ರೋಬ್ಸ್ಟ್ ಹೇಳ್ತ ಇಂಜಿನಿಯರಿನ ಹಿಡುದು ನಕ್ಷೆ ಮಾಡುಸಿ, ಸೆಪ್ಟೆಂಬರ್ 23ಕ್ಕೆ ಗಾಡಿ ತಂದು ನಿಲ್ಸಿತ್ತು. ಆದರೆ ರಾಶಿ ಗಾಡಿ ಮಾಡುವ ತಾಕತ್ತು ಅದಕ್ಕೆ ಇತ್ತಿಲ್ಲೆ. ದೊಡ್ಡ ಕೆಲಸ ವಿಲ್ಲಿಸ್ ಕಂಪೆನಿಗೂ ಫೋರ್ಡಿಂಗೂ ಹೋತು. ಉದಿಯಪ್ಪಗಂದ ಕಾಯಿ ಕೆರದು, ಬೆಂದಿಗೆ ಕೊರದು ಕೊಟ್ಟದು ಒಬ್ಬ, ಬಡುಸುವಗ ಹೆಸರು ಬಂದದು ಇನ್ನೊಬ್ಬಂಗೆ, ಹಾಂಗೇ ಆತು ಬಾಂಟಮಿನ ಕತೆ. ಯುದ್ಧ ಮುಗಿವಗ ಆರು ಲಕ್ಷಂದ ಮೇಗೆ ಜೀಪು ತಯಾರಾಗಿತ್ತು.

ಆ ಜೀಪಿನ ರಿಪೇರಿ ಎಂತಕೆ ಸುಲಾಬ ಹೇಳಿರೆ, ಅದರ ರಿಪೇರಿ ಮಾಡೆಕ್ಕಾದ್ದು ಕೆಸರಿಲಿ, ಮಳೆಲಿ, ಗುಂಡಿನ ಶಬ್ದ ಕೇಳುವ ಜಾಗೆಲಿ. ಗ್ಯಾರೇಜು ಎಲ್ಲಿಂದ ಬರೆಕ್ಕು? ಬೋನೆಟ್ಟು ನೆಗ್ಗಿರೆ ಎಲ್ಲ ಕಣ್ಣಿಂಗೆ ಕಾಂಬ ಹಾಂಗೆ, ಕೈಗೆ ಎಟ್ಟುವ ಹಾಂಗೆ ಮಡಗಿದ್ದವು. ಫೋರ್ಡ್ ಮಾಡಿದ ಗಾಡಿಯ ಹೆಚ್ಚಿನ ಭಾಗಂಗೊ ವಿಲ್ಲಿಸ್ ಮಾಡಿದ ಗಾಡಿಗೆ ಸರೀ ಕೂರುಗು. ಹಾಳಾದ ಎರಡು ಜೀಪಿಂದ ಓಡುವ ಒಂದು ಜೀಪು ಮಾಡ್ಲೆ ಎಡಿಗು. ಕೆನಡಾದ ಸೈನಿಕರು ಜನರ ಎದುರು ಇಡೀ ಜೀಪಿನ ಬಿಡುಸಿ, ಕೆಲವೇ ನಿಮಿಷಲ್ಲಿ ಪುನಾ ಜೋಡುಸಿ, ಹತ್ತಿ ಕೂದು ಓಡ್ಸಿ ತೋರ್ಸಿಗೊಂಡಿತ್ತವು.

ಅದೇ ಯುದ್ಧಲ್ಲಿ ಹೆಮ್ಮಕ್ಕೊ ಸ್ಪಾನರು ಹಿಡುದವು. ಬ್ರಿಟನಿಲಿ ಸೇನೆಯ ಹೆಮ್ಮಕ್ಕಳ ವಿಭಾಗ ಎ.ಟಿ.ಎಸ್. ಹೇಳಿ ಇತ್ತು. 1945ರಲ್ಲಿ ಅದಕ್ಕೆ ಸೇರಿದ ಒಂದು ಕೂಸಿಂಗೆ ಇನ್ನೂ ಹತ್ತೊಂಬತ್ತು ತುಂಬಿದ್ದಿಲ್ಲೆ. ಲಾರಿ ಓಡ್ಸುಲೆ, ಚಕ್ರ ಬದಲ್ಸುಲೆ, ಇಂಜಿನಿನ ಕೆಲಸ ಮಾಡ್ಲೆ ಅದು ಕಲ್ತತ್ತು. ಆ ಕೂಸೇ ಮತ್ತೆ ರಾಣಿ ಆದ ಎಲಿಜಬೆತ್. ಮೈಗೆ ಮೆಕ್ಯಾನಿಕ್ಕಿನ ಅಂಗಿ ಹಾಕಿ ಗಾಡಿ ಕರೆಲಿ ನಿಂದ ಅದರ ಪಟ ಈಗಳೂ ಕಾಂಬಲೆ ಸಿಕ್ಕುತ್ತು. ಅದು ರಾಣಿ ಆದ ಕಾರಣ ಪಟ ಒಳುದತ್ತು. ಅದರ ಒಟ್ಟಿಂಗೆ ಅದೇ ಎಣ್ಣೆ ಮಸಿಲಿ ಕೆಲಸ ಮಾಡಿದ ಬಾಕಿ ಕೂಸುಗಳ ಹೆಸರು ಆರಿಂಗೆ ಗೊಂತಿದ್ದು?

ಯುದ್ಧ ಮುಗುದ ಮತ್ತೆ ಇಷ್ಟು ಜೀಪಿನ ಎಂತ ಮಾಡುದು? ಫಿಲಿಪ್ಪೀನ್ಸಿಲಿ ಅಮೇರಿಕದವು ಬಿಟ್ಟಿಕ್ಕಿ ಹೋದ ಜೀಪುಗಳ ಉದ್ದ ಮಾಡಿ, ಬಣ್ಣ ಬಳುದು, 'ಜೀಪ್ನಿ' ಹೇಳ್ತ ಬಾಡಿಗೆ ಗಾಡಿ ಮಾಡಿದವು. ನಮ್ಮ ದೇಶಕ್ಕೆ ಬಂದ ಕತೆ ಅಷ್ಟು ಬಣ್ಣದ್ದಲ್ಲ. 1948ರಲ್ಲಿ ಕಾಶ್ಮೀರದ ಯುದ್ಧದ ಹೊತ್ತಿಂಗೆ ಸೇನೆಗೆ ಜೀಪು ಬೇಕಾಗಿತ್ತು. ಲಂಡನಿಲಿ ನಮ್ಮ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಹಳತ್ತರ ರಿಪೇರಿ ಮಾಡಿ ಕೊಡುವ 2000 ಜೀಪಿಂಗೆ ಒಂದು ಕಂಪೆನಿಯ ಒಟ್ಟಿಂಗೆ ಒಪ್ಪಂದ ಮಾಡಿದವು. ಬಂದದು 155. ಅದುದೆ ಸೇನೆಯ ಕೆಲಸಕ್ಕೆ ಆಗದ್ದ ನಮುನೆದು. ಜೀಪು ಹಗರಣ ಹೇಳಿ ಪಾರ್ಲಿಮೆಂಟಿಲಿ ದೊಡ್ಡ ಗಲಾಟೆ ಆತು. ಮೇಗೆ ಬಣ್ಣ ಬಳುದು 'ಹೊಸತ್ತರ ಹಾಂಗೆ ಇದ್ದು' ಹೇಳುವವು ಅಂಬಗಳೂ ಇತ್ತವು ನೋಡಿ. ಹಳೆ ಗಾಡಿ ತೆಗವಲೆ ಹೋಪವು ಆರಾರಿದ್ದರೆ ಮದಾಲು ಅಡಿಗೆ ಬಗ್ಗಿ ಚಾಸಿ ನೋಡಿಕ್ಕಿ.

ಬೊಂಬಾಯಿಲಿ ಇನ್ನೊಂದು ಕೆಲಸ ಶುರುವಾಗಿತ್ತು. ಮಹೀಂದ್ರಾ ಅಣ್ಣ ತಮ್ಮಂದ್ರೂ ಗುಲಾಮ್ ಮಹಮ್ಮದ್ ಹೇಳುವವುದೆ ಸೇರಿ 1945ರಲ್ಲಿ ಮಹೀಂದ್ರಾ ಆಂಡ್ ಮಹಮ್ಮದ್ ಹೇಳಿ ಉಕ್ಕಿನ ವ್ಯಾಪಾರ ಮಾಡಿತ್ತಿದ್ದವು. ದೇಶ ಎರಡಾದಪ್ಪಗ ಗುಲಾಮ್ ಮಹಮ್ಮದ್ ಪಾಕಿಸ್ತಾನಕ್ಕೆ ಹೋಗಿ, ಅಲ್ಯಾಣ ಸುರೂವಾಣ ಹಣಕಾಸು ಮಂತ್ರಿ ಆದವು. ಇಲ್ಲಿ 1948ರಲ್ಲಿ ಕಂಪೆನಿಯ ಹೆಸರು ಮಹೀಂದ್ರಾ ಆಂಡ್ ಮಹೀಂದ್ರಾ ಆತು. ವಿಲ್ಲಿಸ್ ಜೀಪಿನ ಭಾಗಂಗಳ ಹಡಗಿಲಿ ತರುಸಿ, 1949ರಲ್ಲಿ ಬೊಂಬಾಯಿಯ ಮಜಗಾಂವಿಲಿ ಜೋಡುಸುಲೆ ಶುರು ಮಾಡಿದವು. ಹಾಂಗೆ ನೋಡಿರೆ ನಮ್ಮ ದೇಶದ ಜೀಪು ಸುರುವಿಂದಲೇ ಬಿಡಿ ಬಿಡಿಯಾಗಿ ಬಂದು, ಇಲ್ಲಿಯ ಕೈಗಳಲ್ಲಿ ಒಂದಾದ್ದು. ಮತ್ತೆ ನಿಧಾನಕ್ಕೆ ಇಲ್ಲಿಯೇ ಪೂರ್ತಿ ಮಾಡ್ಲೆ ಹೆರಟವು. ಹೊಸ ಗಾಡಿಗೆ ವರ್ಷಗಟ್ಟಲೆ ಕಾಯೆಕ್ಕಾಗಿದ್ದ ಕಾಲ ಅದು. ಇದ್ದದರ ಹಾಳಾಗದ್ದ ಹಾಂಗೆ ನೋಡಿಗೊಂಬದು ಬಿಟ್ರೆ ಬೇರೆ ದಾರಿಯೇ ಇಲ್ಲೆ.

ಈ ಚರಿತ್ರೆ ಎಲ್ಲ ಎಂಗಳ ಸ್ಪಾನರು ಪೆಟ್ಟಿಗೆಲಿ ಇದ್ದು. ಅದರಲ್ಲಿ ಎರಡು ಜಾತಿ ಸ್ಪಾನರು. ಒಂದು ಅಂಗುಲದ ಲೆಕ್ಕದ್ದು: ಅರ್ಧ ಅಂಗುಲ, ಒಂಬತ್ತು ಹದಿನಾರು ಹೇಳಿ ಮೈಲಿ ಕೆತ್ತಿದ್ದು. ಇನ್ನೊಂದು ಮಿಲ್ಲಿಮೀಟರಿಂದು: 10-11, 12-13, 14-15. ಮದುವೆ ಆಗಿ ಬಂದ ಹೊಸತ್ತರಲ್ಲಿ "ಹದಿಮೂರರದ್ದು ಕೊಡು" ಹೇಳಿಯಪ್ಪಗ ಎನಗೆ ಅದೊಂದು ಮಗ್ಗಿಯ ಹಾಂಗೆ ಕೇಳಿಗೊಂಡಿತ್ತು. ಒಂದೇ ಗಾಡಿಗೆ ಎರಡು ಅಳತೆ ಎಂತಕೆ ಹೇಳಿರೆ, ಎಂಗಳ ಗಾಡಿಯ ಚಾಸಿ, ಆಕ್ಸಿಲು ಎಲ್ಲ ಹಳೇ ವಿಲ್ಲಿಸಿನ ವಂಶದ್ದು, ಅಮೇರಿಕದ ಅಂಗುಲದ ಲೆಕ್ಕ. ಇಂಜಿನು ಫ್ರಾನ್ಸಿನ ಪ್ಯೂಜೋ ಕಂಪೆನಿಯ ನಕ್ಷೆಯ ಡೀಸೆಲ್, 2112 ಸಿ.ಸಿ., ಅದು ಮಿಲ್ಲಿಮೀಟರಿಂದು. ಪೆಟ್ರೋಲಿಂಗೆ ಕ್ರಯ ಏರಿ ಆರಿಂಗೂ ಪೂರೈಸದ್ದೆ ಆದಪ್ಪಗ ಜೀಪಿಂಗೆ ಡೀಸೆಲ್ ಇಂಜಿನು ಬಂತು. ಅಮೇರಿಕದ ಎಲುಬು, ಫ್ರಾನ್ಸಿನ ಎದೆ, ಬೊಂಬಾಯಿಯ ಕೈ. ಮತ್ತೆ ಮೈಗೆ ಹಿಡುದ ಮಸಿ ನಮ್ಮ ಊರಿಂದು.

ನಮ್ಮ ಊರಿಂಗೆ ಇದು ಎಂತಕೆ ಬೇಕಾತು ಹೇಳಿ ಹಳಬ್ಬರಿಂಗೆ ಬೇರೆ ಹೇಳೆಕ್ಕಾದ್ದಿಲ್ಲೆ. ಅಡಕ್ಕೆಗೆ ಕ್ರಯ ಬಿದ್ದು ಕೃಷಿಕರು ಸೋತ ಕಾಲಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ರ ಮುಂದಾಳುತನಲ್ಲಿ ಮಂಗಳೂರಿಲಿ ಕ್ಯಾಂಪ್ಕೊ ಶುರುವಾತು. ನಾವೇ ಹೋಗಿ ಮಾರುವ ಜಾಗೆ ಒಂದಾತು. ಆದರೆ ಗುಡ್ಡೆ ಕರೆಯ ಮಣ್ಣಿನ ಮಾರ್ಗಲ್ಲಿ ಗೋಣಿ ಪೇಟೆಗೆ ಎತ್ತೆಕ್ಕನ್ನೆ? ಮಳೆಗಾಲಲ್ಲಿ ಹೊಳೆ ದಾಂಟಿ ಬಪ್ಪಲೆ ಜೀಪಿಂಗೇ ಸೈ. ಅಡಕ್ಕೆ, ಗೊಬ್ಬರ, ಜೆಂಬ್ರದ ಪಾತ್ರಂಗೊ, ಹೆರಿಗೆ ಬೇನೆ ಶುರುವಾದ ಹೆಮ್ಮಕ್ಕೊ, ಎಲ್ಲ ಅದೇ ತೊಟ್ಟಿಲಿ.

ಮತ್ತೆ ಆ ತೊಟ್ಟಿಯ ತಿಂದದು ಆರು ಗೊಂತಿದ್ದೋ? ಮಳೆಯೋ ಹೇಳಿ ಗ್ರೇಶಿರೆ ಪೂರ್ತಿ ಸರಿ ಅಲ್ಲ. ಬೋರ್ಡೋ ಮದ್ದು! ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಸೇರ್ಸಿ ಬಿಡುವ ಕ್ರಮವ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಂಗೆ ಅಡಕ್ಕೆ ಕೃಷಿಕರಿಂಗೆ ಕಲಿಶಿದವು. ಮದ್ದು ಸರಿ ಆಯಿದೋ ಹೇಳಿ ನೋಡ್ಲೆ ಪೀಶಕತ್ತಿ ಅದ್ದುತ್ತವು ಅಲ್ಲದೋ? ಕತ್ತಿಲಿ ಕೆಂಪು ಹಿಡುದರೆ ಸುಣ್ಣ ಸಾಲ ಹೇಳಿ ಲೆಕ್ಕ. ಆ ಕೆಂಪು ತಾಮ್ರ. ತಾಮ್ರ ಕೂಬಲೆ ಕತ್ತಿಯ ಕಬ್ಬಿಣ ಕರಗಿ ಜಾಗೆ ಬಿಟ್ಟು ಕೊಡ್ತು. ಮೈಲುತುತ್ತಿನ ನೀರು ಚೆಲ್ಲಿದ ಪಿಕಪ್ಪಿನ ತಗಡಿಂಗೂ ಅದೇ ಗತಿ. ಎಂಗಳ ಗಾಡಿಯ ತೊಟ್ಟಿಯ ಅಡಿ ಎರಡು ಸರ್ತಿ ಬದಲಾಯಿದು. ಮೂರನೇ ಸರ್ತಿಗೆ ಮಾವ ತಗಡು ಬೇಡ ಹೇಳಿ ಹಲಗೆ ಹಾಕುಸಿ, ದೋಣಿಗೆ ಬಳಿವ ಹಾಂಗೆ ಗೇರುಬೀಜದ ಓಡಿನ ಎಣ್ಣೆ ಬಳುಶಿದವು. ಬಳಿವದು ಎಂಗಳ ಪಾಲಿಂಗೆ ಬಂತು. ಆ ಎಣ್ಣೆ ಕೈಗೆ ಹಿಡುದರೆ ಚರ್ಮ ಸುಟ್ಟು ಏಳ್ತು. ಅತ್ತೆ ಎಂಗಳ ಕೈಗೆ ತೆಂಗಿನೆಣ್ಣೆ ಕಿಟ್ಟಿ, ಹಳೆ ಬಟ್ಟೆ ಸುತ್ತಿ ಕೊಟ್ಟವು. ಹದಿನೆಂಟು ವರ್ಷ ಆತು, ಆ ಹಲಗೆ ಇನ್ನುದೆ ಇದ್ದು.

ಈಗ ಆನು ಹೇಳೆಕ್ಕು ಹೇಳಿ ಕೂದ ಮಾತಿಂಗೆ ಬಂದೆ. ಮನೆಲೇ ಗಾಡಿ ರಿಪೇರಿ ಮಾಡುದರ ಎರಡೇ ಕೈ ಮಾಡಿದ್ದು ಹೇಳಿ ಎಲ್ಲೋರು ಗ್ರೇಶುತ್ತವು. ಒಂದು ಸರ್ತಿ ಬ್ರೇಕಿನ ಕೆಲಸ ನೋಡಿ. ಬ್ರೇಕ್ ಎಣ್ಣೆಯ ಪೈಪಿಲಿ ಗಾಳಿ ಹೊಕ್ಕರೆ ಪೆಡಲು ಹತ್ತಿಯ ಹಾಂಗೆ ಮೆತ್ತಂಗೆ ಆವುತ್ತು. ಗಾಳಿ ತೆಗೆಯೆಕ್ಕಾರೆ ಗಾಡಿಯ ಅಡಿಲಿ ಒಬ್ಬ, ಮೇಗೆ ಒಬ್ಬ ಬೇಕೇ ಬೇಕು. ಮೇಗೆ ಕೂದವು ಪೆಡಲಿನ ಮೂರು ನಾಲ್ಕು ಸರ್ತಿ ಒತ್ತಿ, ಒತ್ತಿ ಹಿಡ್ಕೊಳ್ಳೆಕ್ಕು. ಅಷ್ಟಪ್ಪಗ ಅಡಿಲಿಪ್ಪವು ನಿಪ್ಪಲು ರಜ ಸಡಿಲ ಮಾಡ್ತವು, ನೊರೆ ಎಣ್ಣೆ ಹೆರ ಬತ್ತು, ಪೆಡಲು ಕೆಳ ಇಳಿತ್ತು. ನಿಪ್ಪಲು ಬಿಗಿ ಮಾಡುವ ವರೆಗೆ ಕಾಲು ತೆಗವಲಾಗ, ತೆಗದರೆ ಗಾಳಿ ಪುನಾ ಒಳ ಹೋತು. "ಒತ್ತು... ಹಿಡಿ... ಬಿಡು." ಹಿಂದಾಣ ಎಡದ ಚಕ್ರಂದ ಶುರು ಮಾಡಿ ನಾಲ್ಕು ಚಕ್ರ. ಪೆಡಲಿನ ಮೇಗೆ ಮೂವತ್ತು ವರ್ಷಂದ ಇಪ್ಪದು ಎನ್ನ ಕಾಲು. ಎನ್ನಂದ ಮದಲು ಅತ್ತೆಯ ಕಾಲು. ಗಾಡಿ ಓಡ್ಸುಲೆ ಎಂಗೊಗೆ ಇಬ್ರಿಂಗೂ ಆರೂ ಕಲಿಶಿದ್ದವಿಲ್ಲೆ, ನಿಲ್ಸುಲೆ ಮಾತ್ರ ಎಂಗಳೇ ಬೇಕು!

ಡೀಸೆಲಿನ ಕತೆಯೂ ಹಾಂಗೇ. ಕ್ಯಾನಿಲಿ ತಂದ ಡೀಸೆಲಿಲಿ ನೀರು, ಕಸವು ಇಕ್ಕು. ಅತ್ತೆ ಹಳೇ ನೂಲಿನ ಸೀರೆಯ ನಾಲ್ಕು ಮಡಿಕೆ ಮಾಡಿ ಸೋಸುಗು. ಡೀಸೆಲ್ ಪೂರ್ತಿ ಕಾಲಿ ಅಪ್ಪಲೆ ಬಿಡ್ಲಾಗ, ಪೈಪಿಲಿ ಏರ್ ಹಿಡುದರೆ ಮತ್ತೆ ಎಷ್ಟು ಸೆಲ್ಫ್ ಹೊಡದರೂ ಸ್ಟಾರ್ಟ್ ಆಗ. ಫಿಲ್ಟರಿನ ಮೇಗಾಣ ಸ್ಕ್ರೂ ಸಡಿಲ ಮಾಡಿ, ಕೈ ಪಂಪಿನ ಒತ್ತಿ ಒತ್ತಿ, ಗುಳ್ಳೆ ನಿಂದು ಬರೀ ಡೀಸೆಲ್ ಬಪ್ಪ ವರೆಗೆ ಕಾಯೆಕ್ಕು. ಗುಳ್ಳೆ ನಿಂದತ್ತೋ ಹೇಳಿ ಟಾರ್ಚು ಹಿಡುದು ನೋಡುದು ಎನ್ನ ಕೆಲಸ. ಪಾಕದ ನೂಲು ಬಂತೋ ಹೇಳಿ ನೋಡುವ ಕಣ್ಣಿಂಗೆ ಇದು ದೊಡ್ಡ ಸಂಗತಿ ಅಲ್ಲ. ಬ್ಯಾಟ್ರಿ ಮೊಳೆಲಿ ಬೆಳಿ ಹೂಗು ಬಂದರೆ ಬೆಶಿನೀರಿಂಗೆ ಅಡಿಗೆ ಸೋಡ ಹಾಕಿ ತೊಳದು, ಒಣಗುಸಿ, ವ್ಯಾಸಲಿನ್ ಕಿಟ್ಟುದು. ಡೀಸೆಲ್ ಟಾಂಕಿ ಸೋರಿರೆ ವಸ್ತ್ರ ಒಗವ ಬಾರ್ ಸಾಬೂನು ಮೆತ್ತಂಗೆ ಮಾಡಿ ಒಟ್ಟೆಗೆ ಒತ್ತುದು. ಸಾಬೂನು ಡೀಸೆಲಿಲಿ ಕರಗ, ಪೇಟೆಗೆ ಎತ್ತುವ ವರೆಗೆ ತಡೆತ್ತು. ಬ್ಯಾಟ್ರಿ ಸೋತ ದಿನ ಜೆಂಬ್ರಕ್ಕೆ ಹೆರಟ ಪಟ್ಟೆಸೀರೆಲೇ ಗಾಡಿ ದೂಡಿದ ಹೆಮ್ಮಕ್ಕೊ ನಿಂಗಳಲ್ಲಿ ಎಷ್ಟು ಜೆನ ಇದ್ದಿ ಹೇಳಿ ಎನಗೆ ಗೊಂತಿದ್ದು, ಹೆಸರು ಬರವಲೆ ಹೋವುತ್ತಿಲ್ಲೆ.

ಮನೆ ಮದ್ದು ಎಲ್ಲದಕ್ಕೂ ಆಗ, ಅದನ್ನೂ ಹೇಳೆಕ್ಕು. ಅರಶಿನ ಹಾಕಿದ ರೇಡಿಯೇಟರಿನ ಪೇಟೆಗೆ ಎತ್ತಿದ ಕೂಡ್ಳೆ ತೊಳಶಿ ಬೆಸುಗೆ ಹಾಕ್ಸೆಕ್ಕು, ಇಲ್ಲದ್ದರೆ ಒಳಾಣ ಸಣ್ಣ ಕೊಳವೆಗಳೂ ಕಟ್ಟುತ್ತು. ಬ್ರೇಕ್ ಎಣ್ಣೆ ಮುಗುದತ್ತು ಹೇಳಿ ಇಂಜಿನಾಯಿಲ್ ಎರವಲೆ ಹೇಳುವವು ಇದ್ದವು. ಅದು ರಬ್ಬರಿನ ಬೀಗುಸಿ ಬ್ರೇಕೇ ಹಿಡಿಯದ್ದ ಹಾಂಗೆ ಮಾಡ್ತು. ಬರೀ ಜಾಕಿ ನಂಬಿ ಗಾಡಿಯ ಅಡಿಂಗೆ ಹೋಪಲಾಗ, ದಪ್ಪ ಮರದ ತುಂಡು ಮಡಗಿಯೇ ಹೋಯೆಕ್ಕು. ಸ್ಟೇರಿಂಗಿನ ಕೆಲಸ ಎಂಗೊ ಮನೆಲಿ ಮಾಡ್ತೇ ಇಲ್ಲೆ.

ಹೊಸ ಗಾಡಿಗಳ ಆನು ಬೈತ್ತಿಲ್ಲೆ. 2020 ಎಪ್ರಿಲಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಯ ಹೊಗೆ ತುಂಬ ಕಮ್ಮಿ ಆಯಿದು. ಎಂಗಳದ್ದರ ಹೊಗೆಗೆ ಹಟ್ಟಿಲಿಪ್ಪ ದನವೂ ಸೀನುಗು. ಆದರೆ ಹೊಸತ್ತರ ಬೋನೆಟ್ಟು ನೆಗ್ಗಿರೆ ಕಪ್ಪು ಪ್ಲಾಸ್ಟಿಕ್ ಮುಚ್ಚಲು ಮಾತ್ರ ಕಾಣ್ತು. ಎಂತ ತೊಂದರೆ ಹೇಳಿ ತಿಳಿಯೆಕ್ಕಾರೂ ಕಂಪೆನಿಯ ಕಂಪ್ಯೂಟರು ಬೇಕು. ತೆಗದವಕ್ಕೆ ರಿಪೇರಿ ಮಾಡುವ ಹಕ್ಕು ಬೇಕು ಹೇಳ್ತ ವಿಷಯಲ್ಲಿ ಕೇಂದ್ರ ಸರಕಾರ 2022ರಲ್ಲಿ ಒಂದು ಸಮಿತಿ ಮಾಡಿತ್ತು. ಮೊಬೈಲು, ಮನೆ ಬಳಕೆಯ ಮೆಶಿನು, ಕೃಷಿ ಯಂತ್ರ, ವಾಹನ, ಎಲ್ಲ ಅದರಲ್ಲಿ ಸೇರಿದ್ದು. ಅದೇ ವರ್ಷ ಎಪ್ರಿಲಿಂದ ಹದಿನೈದು ವರ್ಷ ಕಳುದ ಗಾಡಿಗಳ ಫೀಸು ಏರಿತ್ತು. ಹಳತ್ತರ ಮಡಿಕ್ಕೊಂಬದು ಈಗ ಉಳಿತಾಯ ಹೇಳಿ ಧೈರ್ಯಂದ ಹೇಳುವ ಹಾಂಗಿಲ್ಲೆ.

ಎಂಗಳ ಮನೆಲಿಯೂ ಅದೇ ಚರ್ಚೆ. ಇವರ ಮೊಣಪ್ಪು ಮಡುಸುಲೆ ಎಡಿತ್ತಿಲ್ಲೆ, ಗಾಡಿಯ ಅಡಿಂಗೆ ಹೋಪದು ನಿಂದು ಎರಡು ವರ್ಷ ಆತು. ಗುಜರಿಯವ ಮೂರು ಸರ್ತಿ ಬಂದು ಕ್ರಯ ಹೇಳಿಕ್ಕಿ ಹೋಯಿದ. ಮಗ "ಕೊಡುವೊ ಅಪ್ಪಾ" ಹೇಳ್ತ. ಇವು ಉತ್ತರ ಕೊಡದ್ದೆ ಅಡಕ್ಕೆ ಸೊಲಿತ್ತವು. ಕಡೆಂಗೆ ಸೊಸೆ ಹೇಳಿತ್ತು, "ಒಂದು ವರ್ಷ ನೋಡುವೊ ಅತ್ತೆ. ಅಡಿಂಗೆ ಆನು ಹೋವುತ್ತೆ, ಮೇಗೆ ನಿಂಗೊ ಕೂರಿ." ಅದು ಚೂಡಿದಾರಿನ ಮೇಗೆ ಇವರ ಹಳೆ ಅಂಗಿ ಹಾಕಿ ಗೋಣಿ ಹಾಸಿ ಮನುಗಿತ್ತು. ಇವು ಕುರ್ಶಿ ಹಾಕಿ ಕರೆಲಿ ಕೂದವು, ಒಂದೊಂದಾಗಿ ಹೇಳಿ ಕೊಟ್ಟವು. ಆನು ಪೆಡಲು ಒತ್ತಿದೆ. ಟಾರ್ಚು ಈ ಸರ್ತಿ ಮಗನ ಕೈಲಿ.

ಎಫ್‌ಸಿಗೆ ಇನ್ನು ಇಪ್ಪತ್ತು ದಿನ ಇದ್ದು. ಸೊಸೆ ಒಂದು ನೋಟುಬುಕ್ಕು ಮಡಗಿದ್ದು, ಯಾವ ಬೋಲ್ಟಿಂಗೆ ಯಾವ ಸ್ಪಾನರು, ಅಂಗುಲದ್ದೋ ಮಿಲ್ಲಿಮೀಟರಿಂದೋ ಹೇಳಿ ಬರೆತ್ತು. ಮಾವನೂ ಇವುದೆ ಇದರ ಎಲ್ಲಿಯೂ ಬರದು ಮಡಗಿದ್ದವಿಲ್ಲೆ. ನಿನ್ನೆ ಬರದ್ದು ಇಷ್ಟು: ಹಿಂದಾಣ ಎರಡು ಚಕ್ರ ಆತು, ಎದುರಾಣ ಎಡದ್ದರ ನಿಪ್ಪಲಿನ ಮೂಲೆ ತಿರುಗಿ ಸವದ್ದು, ಹೊಸತ್ತು ತಪ್ಪಲಿದ್ದು.